ಖಳನಾಯಕನಿಗೆ ಕನ್ಯಾ ನೋಡಿದ ವರ್ಷ

ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಯ ಮುಂದೆ ಹಾದುಹೋಗುವವರು ಮೂಗು ಮುಚ್ಚಿಕೊಳ್ಳುವುದಿಲ್ಲ, ಅರಳಿಸುತ್ತಾರೆ. ಮೊನ್ನೆ ನಾನೂ ಅದನ್ನೇ ಮಾಡಿದೆ. ಹೊಸದಾಗಿ ಕಥೆ ಬರೆಯುವವರಿಗೆ ಅಲ್ಲೊಂದು ಶಿಬಿರವಿತ್ತು, ನನ್ನನ್ನು ಮಾತಾಡಲು ಕರೆದಿದ್ದರು. ಶಿಬಿರ ಮುಗಿಸಿ ಬಸ್ಸಿಗೆ ನಡೆದು ಹೊರಟವಳು ಲಿಂಬೆಯ ರಾಶಿಗಳ ಮುಂದೆ ಸುಮ್ಮನೆ ನಿಂತುಬಿಟ್ಟೆ. ಕಾಲಿಗೆ ಸಿಕ್ಕು ಒಡೆದ ಹಣ್ಣುಗಳ ಆ ಹುಳಿ ವಾಸನೆಗೆ ಅಗರಖೇಡದ ಒಂದು ತಗಡಿನ ಶೆಡ್ಡು, ಅದರೊಳಗೊಂದು ಹಾರ್ಮೋನಿಯಂ, ಅದರ ಮುಂದೆ ಸಲಿಕೆ ಎತ್ತಿ ನಿಂತ ಒಬ್ಬ ಕುರಿ ಕಾಯುವ ಗಂಡಸು, ಎಲ್ಲವೂ ಕಣ್ಣ ಮುಂದೆ ಬಂದವು.

ಅವತ್ತು ಶಿಬಿರದಲ್ಲಿ ಮುದ್ದೇಬಿಹಾಳದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಮೇಡಂ, ನಿಮ್ಮ ಕಾದಂಬರಿಯಾಗಿನ ಕೆಟ್ಟ ಮಂದೀನ ಬೈಯಾಕ ಬಾಯಿ ಬರೂದಿಲ್ಲ. ಅದ್ಹೆಂಗ ಮಾಡ್ತೀರಿ? ನಾ ಬರದ್ರ ಕೆಟ್ಟಾಂವ ಬರೇ ಕೆಟ್ಟಾಂವ ಆಗ್ತಾನ, ಒಳ್ಳೇಂವ ಬರೇ ಬೋರ್ ಆಗ್ತಾನ."

ಸಭೆಯೆಲ್ಲ ನಕ್ಕಿತು. ನಾನು ನಗಲಿಲ್ಲ. ಹುಡುಗಿ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಅಲ್ಲಿ ಸಮಯವಿರಲಿಲ್ಲವೆಂದು ಎರಡು ಪುಸ್ತಕದ ಮಾತು ಹೇಳಿ ಕೈತೊಳೆದುಕೊಂಡೆ. ಆದರೆ ನನ್ನ ಉತ್ತರ ಪುಸ್ತಕದಿಂದ ಬಂದದ್ದಲ್ಲ. ಅದು ಬಂದದ್ದು ಅಗರಖೇಡದ ಒಂದು ಹಿಂಗಾರಿ ಹಂಗಾಮಿನಿಂದ, ಒಬ್ಬ ಹೆಣ್ಣುಮಗಳ ಬಾಯಿಂದ ಬೈಸಿಕೊಂಡು. ಅದನ್ನು ಇಲ್ಲಿ ಹೇಳುತ್ತೇನೆ.

ಆಗ ನಾನು ಅಗರಖೇಡದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನೂರು ಬಸವನ ಬಾಗೇವಾಡಿ, ದಿನಾ ಓಡಾಡುವ ಹಾದಿಯಲ್ಲ ಎಂದು ಅಲ್ಲೇ ಬಾಡಿಗೆ ಕೋಣೆ ಹಿಡಿದಿದ್ದೆ. ನಾಲ್ಕಾರು ಕಥೆ ಅಚ್ಚಾಗಿದ್ದವು. ಊರಿನಲ್ಲಿ ಅದು ಹೇಗೋ ಗೊತ್ತಾಗಿ, ದೀಪಾವಳಿ ಮುಗಿದ ಮೇಲೆ ನಾಟಕದ ಮಂಡಳಿಯವರು ಮನೆಗೇ ಬಂದರು. ಎಲ್ಲರ ಕೈಯಲ್ಲಿ ಮೊಬೈಲು ಬಂದ ಮೇಲೂ ವರ್ಷಕ್ಕೊಂದು ನಾಟಕ ಬಿಡದ ಊರು ಅದು. ಈ ಸಲ ಪೇಟೆಯ ಹಳೇ ಪುಸ್ತಕ ಬೇಡ, ಅಕ್ಕೋರೇ ಬರೆದುಕೊಡಲಿ ಎಂದರು. ಅಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನನಗೆ ಒಳಗೊಳಗೇ ಹಿಗ್ಗು. ಆದರೂ ಬಿಗುಮಾನದಿಂದ, "ನೋಡೋಣ" ಎಂದೆ.

ಸಂಕ್ರಾಂತಿಯ ಮುನ್ನಾದಿನವಾದ ಭೋಗಿಗೆ ಆಟ ಎಂದು ಗೊತ್ತಾಯಿತು. ಅದೂ ರಾತ್ರಿಯಲ್ಲ, ಸಂಜೆ ನಾಲ್ಕಕ್ಕೆ. ಹೊಲದ ಮೋಟರಿಗೆ ಕರೆಂಟು ಕೊಡುತ್ತಿದ್ದುದು ರಾತ್ರಿ, ಗಂಡಸರೆಲ್ಲ ನೀರು ಹಾಯಿಸಲು ಹೋದರೆ ನಾಟಕ ನೋಡುವವರು ಯಾರು? ಹೀಗೆ ನನ್ನ ಮೊದಲ ನಾಟಕಕ್ಕೆ ಸೂರ್ಯನೇ ದೀಪ ಹಿಡಿಯುವುದೆಂದಾಯಿತು.

ನಾಟಕದ ಹೆಸರು 'ನೀರಿನ ಪಾಳಿ'. ಒಂದು ಬಾವಿ, ಇಬ್ಬರು ಅಣ್ಣತಮ್ಮಂದಿರು, ಒಂದು ದಿನ ಅವನ ಪಾಳಿ, ಮರುದಿನ ಇವನದು. ತಮ್ಮ ಶಂಕರ ನಾಯಕ. ಅಣ್ಣ ರುದ್ರಗೌಡ ಖಳನಾಯಕ. ತಮ್ಮನ ಪಾಳಿಯ ದಿನ ರುದ್ರಗೌಡ ಕಾಲುವೆಗೆ ಮಣ್ಣು ಹಾಕಿ ನೀರು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಏಕೆ? ಕೆಟ್ಟವನು, ಅದಕ್ಕೆ. ಶಂಕರ ಏಕೆ ಸಹಿಸಿಕೊಳ್ಳುತ್ತಾನೆ? ಒಳ್ಳೆಯವನು, ಅದಕ್ಕೆ. ಆಗ ಇಷ್ಟಕ್ಕೇ ನಾನು ಬೀಗುತ್ತಿದ್ದೆ.

ನಾಯಕನ ಪಾರ್ಟಿನ ಬಗ್ಗೆ ಚರ್ಚೆಯೇ ಇರಲಿಲ್ಲ. ಅದು ಅಣ್ಣಾರಾಯನದು. ದೊಡ್ಡ ಲಿಂಬೆ ತೋಟದ ಮನೆತನ, ಇಸ್ತ್ರಿ ಕೆಡದ ಬಿಳಿ ಅಂಗಿ, ಎಲ್ಲಿ ನಿಂತರೂ ಫೋಟೋಕ್ಕೆ ನಿಂತ ಭಂಗಿ. ತಾಲೀಮಿಗೆ ಲಿಂಬೆ ಆರಿಸುವ ಶೆಡ್ಡು ಕೊಟ್ಟವನೂ ಅವನೇ. ಕಗ್ಗಂಟಾದದ್ದು ರುದ್ರಗೌಡನ ಪಾರ್ಟು. ಒಬ್ಬೊಬ್ಬರೇ ಜಾರಿಕೊಂಡರು. ಏಕೆಂದರೆ ಆ ಊರಿನಲ್ಲಿ ಮಾಡಿದ ಪಾರ್ಟು ಮೈಗೆ ಅಂಟಿಕೊಳ್ಳುತ್ತದೆ. ಯಾವ ಕಾಲದಲ್ಲೋ ಕಳ್ಳನ ಪಾರ್ಟು ಮಾಡಿದ ಈರಪ್ಪನನ್ನು ಇವತ್ತಿಗೂ ಕಳ್ಳೀರಪ್ಪ ಎನ್ನುತ್ತಾರೆ. ಪಾಪ, ಅವನು ಜೀವಮಾನದಲ್ಲಿ ಯಾರದೂ ಒಂದು ಸೌತೆಕಾಯಿ ಕಿತ್ತವನಲ್ಲ.

ಕೊನೆಗೆ ಹಿಂದೆ ಗೋಡೆಗೆ ಒರಗಿ ಕೂತಿದ್ದ ಮಾಳಪ್ಪ, "ನಾ ಮಾಡ್ತೇನ್ರಿ" ಎಂದ. ಕುರಿ ಕಾಯುವವನು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಇನ್ನೊಂದು ಹೊಲದಲ್ಲಿರುವ ಕುರಿಯನ್ನು ಇಲ್ಲಿಂದಲೇ ಕೂಗಿ ನಿಲ್ಲಿಸುವ ಗಂಟಲು. ಯಾಕಪ್ಪ ನಿನಗೆ ಈ ಉಸಾಬರಿ ಎಂದು ಕೇಳಿದರೆ, "ದಿನಾ ಕುರಿ ಕೂಡ ಮಾತಾಡಿ ಬ್ಯಾಸರಾಗೇತ್ರಿ. ಒಂದಿನಾ ಮಂದಿ ಕೂಡ ಜೋರಾಗಿ ಮಾತಾಡ್ಬೇಕಂತ ಆಶಾ ಐತಿ" ಎಂದು ತಲೆ ತಗ್ಗಿಸಿದ. ನನಗೆ ಅವನು ಅವತ್ತೇ ಹಿಡಿಸಿದ.

ತಾಲೀಮು ಶುರುವಾಗಿ ವಾರವಾಗಿರಬೇಕು. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಮಾಳಪ್ಪನ ತಾಯಿ ಶಾಂತವ್ವ ಬಂದಳು. ಗಿಡ್ಡ ಹೆಂಗಸು, ಕೈಯಲ್ಲಿ ಕೋಲು, ನಮಸ್ಕಾರಕ್ಕೂ ಬೈಗುಳಕ್ಕೂ ಒಂದೇ ದನಿ.

"ಅಕ್ಕೋರ, ನನ್ನ ಮಗಗ ಆ ಕೆಟ್ಟ ಪಾರ್ಟು ಕೊಟ್ಟಾಕಿ ನೀವೇನು?"

"ಅವನೇ ಕೇಳಿ ತಗೊಂಡಾನವ್ವಾ."

"ಅಂವ ಕೂಸು. ಬೆಂಕೀನೂ ಕೇಳ್ತಾನ. ಕೊಡ್ತೀರೇನು?"

ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಕುಡಿದು, ದನಿ ಇಳಿಸಿ, ವಿಷಯ ಬಿಚ್ಚಿದಳು. ಹೊಲಮನೆ, ಕುರಿ ಎಂದರೆ ಈಗಿನ ಹುಡುಗಿಯರು ಒಲ್ಲೆ ಅನ್ನುತ್ತಾರೆ. ಮೂರು ವರ್ಷದಿಂದ ಶಾಂತವ್ವ ಸಿಂದಗಿ, ಇಂಡಿ ತಾಲೂಕಿನ ಊರೂರು ತಿರುಗಿದ್ದಾಳೆ. ಮಾಳಪ್ಪನನ್ನು ನೋಡದೆಯೇ ಬೇಡವೆಂದವರು ಎಷ್ಟೋ. ಈಗ ದೇವಣಗಾಂವದಿಂದ ಒಂದು ಸಂಬಂಧ ನೋಡೋಣ ಎಂದಿದೆ. ಹುಡುಗಿ ರೇಣುಕಾ ಕಾಲೇಜು ಕಲಿತು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಸಂಕ್ರಾಂತಿಗೆ ಭೀಮಾ ನದಿಯಲ್ಲಿ ಜಳಕಕ್ಕೆಂದು ಅಪ್ಪ, ಮಗಳು ಅಗರಖೇಡದ ನೆಂಟರ ಮನೆಗೆ ಬರುವವರಿದ್ದಾರೆ. ಭೋಗಿಗೇ ಬಂದಿಳಿಯುತ್ತಾರೆ. ಅಂದರೆ ಮಾಳಪ್ಪನನ್ನು ಅವರು ಮೊದಲ ಸಲ ನೋಡುವುದು ಸ್ಟೇಜಿನ ಮೇಲೆ, ಒಡಹುಟ್ಟಿದವನ ಮೇಲೆ ಸಲಿಕೆ ಎತ್ತುವಾಗ!

"ಈ ಕನ್ಯಾ ಹೋತಂದ್ರ ಮುಂದ ನನ್ನ ಮಗಗ ಮದಿವಿ ಇಲ್ರಿ ಅಕ್ಕೋರ" ಎಂದಳು ಶಾಂತವ್ವ. "ಪಾರ್ಟ ಬಿಡಸ್ರಿ. ಇಲ್ಲಾ, ಕಡೀಕ ಅಂವ ತಮ್ಮನ ಕಾಲಿಗೆ ಬಿದ್ದು ಒಳ್ಳೇಂವ ಆಗೂಹಂಗರ ಬರೀರಿ."

ಅಯ್ಯೋ ಪಾಪ ಎನಿಸಿತು. ಆದರೆ ನಾನು ಬರೆಯುವವಳು, ಅದರಲ್ಲೂ ಹಟದವಳು. ಕೊನೆಯ ಅಂಕದಲ್ಲಿ ಕಾಲಿಗೆ ಬೀಳುವ ಖಳನಾಯಕರನ್ನು ಚಿಕ್ಕಂದಿನಿಂದ ನೋಡಿ ನೋಡಿ ಬೇಸತ್ತಿದ್ದೆ. ಮುದ್ದೇಬಿಹಾಳದ ತಂಗಡಗಿಯಲ್ಲಿ ಸೋದರತ್ತೆಯ ಮನೆಯಿತ್ತು, ಅಲ್ಲಿ ನೋಡಿದ ಪ್ರತಿ ನಾಟಕದಲ್ಲೂ ಮೂರು ತಾಸು ಮನೆ ಮುರಿದವನು ಮೂರು ನಿಮಿಷದಲ್ಲಿ ಸಾಧುವಾಗುತ್ತಿದ್ದ. ಮಂದಿ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಅದೇ ಜಗಳ ಮುಂದುವರಿಸುತ್ತಿದ್ದರು. "ಅದೊಂದು ಆಗೂದಿಲ್ಲವ್ವಾ" ಎಂದುಬಿಟ್ಟೆ. ಶಾಂತವ್ವ ಕೋಲು ಊರಿ ಎದ್ದಳು. "ಆತು. ನೀವು ಹಟದಾಕಿ, ನಾನೂ ಹಟದಾಕಿ. ನೋಡೂಣು" ಎಂದು ಹೋದಳು.

ಇತ್ತ ಶೆಡ್ಡಿನಲ್ಲಿ ಬೇರೆಯೇ ರಗಳೆ. ನಾಟಕ ಕಲಿಸುತ್ತಿದ್ದವರು ಹಾರ್ಮೋನಿಯಂ ನುಡಿಸುವ ಗುರಪ್ಪ ಮಾಸ್ತರರು. ಅವರ ಪ್ರಕಾರ ಖಳನಾಯಕ ಬರುವಾಗ ನಗಬೇಕು, ಹೋಗುವಾಗ ನಗಬೇಕು, ನಡುವೆ ಮಾತು ಮರೆತರೂ ನಗಬೇಕು. "ಹ್ಹ ಹ್ಹ ಹ್ಹಾ ಅನ್ನೋ ಮಾಳ್ಯಾ, ತಗಡು ಹಾರಬೇಕು!" ಎನ್ನುತ್ತಿದ್ದರು. ಮಾಳಪ್ಪ ನಗುತ್ತಿದ್ದ, ಆದರೆ ಗಂಟಲಲ್ಲಿ ರೊಟ್ಟಿ ಸಿಕ್ಕವನಂತೆ. ಅಣ್ಣಾರಾಯನಿಗೆ ಆ ನಗುವಿನ ಮೇಲೂ ಕಣ್ಣು. "ಅಕ್ಕೋರ, ರುದ್ರಗೌಡಗ ಮಾತು ಜಾಸ್ತಿ ಆಗ್ಯಾವ್ರಿ. ಹೀರೋ ನಾನೋ, ಅಂವನೋ?" ಎಂದು ದಿನಾ ಗೊಣಗುತ್ತಿದ್ದ. ನಾಯಕನಿಗೆ ಸೋಲಿಲ್ಲ, ಸಂಶಯವಿಲ್ಲ, ತಪ್ಪಿಲ್ಲ. ಹೀಗಾಗಿ ಅವನಿಗೆ ಸ್ಟೇಜಿನ ಮೇಲೆ ಮಾಡಲು ಕೆಲಸವೂ ಇರಲಿಲ್ಲ. ಎದೆ ಉಬ್ಬಿಸಿ ನಿಲ್ಲುತ್ತಿದ್ದ, ಅಷ್ಟೇ. ಎಲ್ಲೋ ಏನೋ ಕೈ ಕೊಡುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಒಂದು ಸಂಜೆ ಸಲಿಕೆ ಎತ್ತುವ ದೃಶ್ಯ ನಡೆದಿತ್ತು. ಹೊರಗೆ ಬಿಳಿಜೋಳ ತೆನೆ ಕಟ್ಟುವ ಹೊತ್ತಿನ ತಣ್ಣನೆಯ ಗಾಳಿ. "ನಿಲ್ಲು ರುದ್ರಗೌಡಾ!" ಎಂದು ಅಣ್ಣಾರಾಯ ಗುಡುಗಿದ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಒಂದು ಟಗರು ಒಳಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಹಿಂಡು! ಬುಟ್ಟಿಗಳು ಉರುಳಿದವು, ಲಿಂಬೆಹಣ್ಣು ಶೆಡ್ಡಿನ ತುಂಬ ಓಡಾಡಿದವು. ಗುರಪ್ಪ ಮಾಸ್ತರರು ಹಾರ್ಮೋನಿಯಂ ತಲೆಯ ಮೇಲೆ ಹೊತ್ತು ಸ್ಟೂಲು ಹತ್ತಿದರು. ಅಣ್ಣಾರಾಯನ ಬಿಳಿ ಧೋತರದ ತುದಿ ಒಂದು ಮರಿಯ ಬಾಯಲ್ಲಿ. ರುದ್ರಗೌಡ ಸಲಿಕೆ ಬಿಸಾಕಿ "ಹುರ್‍ರ್ ಹುರ್‍ರ್" ಎಂದು ಕುರಿಗಳ ಹಿಂದೆ ಓಡಿದ. ಬಾಗಿಲಲ್ಲಿ ಕೋಲು ಹಿಡಿದು, ಗೆದ್ದವಳಂತೆ, ಶಾಂತವ್ವ ನಿಂತಿದ್ದಳು.

"ಏನವ್ವಾ ಇದು? ತಲಿ ಕೆಟ್ಟೈತೇನು?" ಎಂದು ಚೀರಿದೆ.

"ಕುರಿ ರೀ. ಮೇಸಾಂವ ಇಲ್ಲಿ ಕುಣ್ಯಾಕತ್ತಾನ, ಅದಕ್ಕ ಅವೂ ಕುಣ್ಯಾಕ ಬಂದಾವು."

"ನಮ್ಮ ನಾಟಕ ಕೆಡಸಾಕ ಹೊಂಟೀಯಲ್ಲ, ನಿನಗ ನಾಚಿಕಿ ಇಲ್ಲೇನು?"

"ಇಲ್ರಿ!" ಎಂದಳು. ಆ ದನಿಗೆ ಕುರಿಗಳೂ ಒಂದು ಗಳಿಗೆ ಸುಮ್ಮನಾದವು. "ನಿಮಗ ನಾಟಕ ದೊಡ್ಡದು, ನನಗ ನನ್ನ ಮಗನ ಬಾಳೇ ದೊಡ್ಡದು. ನನ್ನ ಕೂಸಿನ ಸಲುವಾಗಿ ನಾ ಊರಿಗೆಲ್ಲ ಕೆಟ್ಟಾಕಿ ಆಗಾಕ ತಯಾರದೇನಿ. ಬೈರಿ ಬೇಕಾದ್ರ!"

ಮಾಳಪ್ಪ ತಾಯಿಯ ಹತ್ತಿರ ಹೋಗಿ ಕೋಲು ಇಸಕೊಂಡ. ಅವಳು ಉಸಿರು ತಿರುಗಿಸಿಕೊಳ್ಳುವ ತನಕ ತಾನು ಬಾಯಿ ತೆರೆಯಲಿಲ್ಲ. ಆಮೇಲೆ, "ಅವ್ವಾ, ಒಪ್ಪಿಕೊಂಡೇನಿ. ಈಗ ಬಿಟ್ರ ಮಾತಿಗೆ ತಪ್ಪಿದಾಂವ ಅಂತಾರ. ಅದೂ ಕೆಟ್ಟ ಹೆಸರ ಅಲ್ಲೇನು?" ಎಂದ. ಹಿಂಡು ಹೊಡೆದುಕೊಂಡು ತಾಯಿಮಗ ಹೋದರು. ಲಿಂಬೆ ಆರಿಸುತ್ತ ನಾವೆಲ್ಲ ಕೂತೆವು.

ಕೋಣೆಗೆ ಬಂದು ಸಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಎರಡು ರೊಟ್ಟಿ ಹರಿದವು. ಮೂರನೆಯದನ್ನು ಹೆಂಚಿಗೆ ಹಾಕುವಾಗ ಥಟ್ಟನೆ ನಗು ಬಂತು. ಈ ಜಗಳದ ಕಥೆಯನ್ನು ನಾನು ಹೇಳಿದರೆ ನಾಯಕಿ ನಾನು, ಅಡ್ಡಗಾಲು ಹಾಕುವ ಖಳನಾಯಕಿ ಶಾಂತವ್ವ. ಅದೇ ಕಥೆಯನ್ನು ಅವಳು ಕಟ್ಟೆಯ ಮೇಲೆ ಕೂತು ಹೇಳಿದರೆ? ಮಗನ ಮದುವೆಗೆ ಕಲ್ಲು ಹಾಕುವ ಓದಿದ ಹೆಂಗಸು ನಾನು! ಇಬ್ಬರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ. ಅವಳು ಮಾಡಿದ್ದು ತಪ್ಪು, ಆದರೆ ಅವಳಿಗೆ ಬೇಕಾದದ್ದು ತಪ್ಪಲ್ಲ. ಅವಳ ತಪ್ಪನ್ನು ನೋಡಿ ಚೀರಿದ ನನಗೆ, ಅವಳಿಗೆ ಬೇಕಾದದ್ದನ್ನು ಕೇಳಿದ ಮೇಲೆ ಬೈಯಲು ಬಾಯಿ ಬಂದಿರಲಿಲ್ಲ. ನನ್ನ ರುದ್ರಗೌಡನಿಗೆ ಏನು ಬೇಕು? ನೀರು ಬೇಕು. ಏಕೆ ಬೇಕು? ಅದನ್ನು ನಾನು ಅವನಿಗೆ ಕೇಳಿಯೇ ಇರಲಿಲ್ಲ. ಮೀಸೆ ಅಂಟಿಸಿ, ನಗು ಕಲಿಸಿ, ಸಲಿಕೆ ಕೊಟ್ಟು ಕಳಿಸಿದ್ದೆ.

ರೊಟ್ಟಿ ಸೀದುಹೋಯಿತು. ಹೋಗಲಿ ಎಂದು ಬರೆಯಲು ಕೂತೆ.

ರುದ್ರಗೌಡನ ಹೊಲದಲ್ಲಿ ಲಿಂಬೆ ಗಿಡ ನೆಟ್ಟೆ. ತಮ್ಮನ ಹೊಲದಲ್ಲಿ ಜೋಳ. ಇಷ್ಟೇ ಮಾಡಿದ್ದು, ಇಡೀ ನಾಟಕ ತಿರುಗಿ ಕೂತಿತು. ಜೋಳ ಒಣಗಿದರೆ ಒಂದು ಹಿಂಗಾರಿ ಹೋಯಿತು. ಲಿಂಬೆ ಗಿಡ ಒಣಗಿದರೆ ನೆಟ್ಟು ಕಾಯ್ದ ವರ್ಷಗಳೆಲ್ಲ ಹೋದವು. ಅಣ್ಣನ ಲೆಕ್ಕ ಸರಿ, ಕೆಲಸ ತಪ್ಪು. ಅವನ ಬಾಯಿಗೆ ಶಾಂತವ್ವನ ಮಾತನ್ನೇ ಇಟ್ಟೆ. ಅವನು ಕೊನೆಯವರೆಗೂ ಕಾಲಿಗೆ ಬೀಳುವುದಿಲ್ಲ, ತಮ್ಮನ ಜೋಳ ಒಣಗಿಸಿಯೇ ಬಿಡುತ್ತಾನೆ, ಕಡೆಗೆ ಹಸಿರಾದ ಗಿಡಗಳ ನಡುವೆ ಒಬ್ಬನೇ ಕೂತು ರೊಟ್ಟಿ ತಿನ್ನುತ್ತಾನೆ.

ಅಣ್ಣನನ್ನು ತಿದ್ದಿದ ಮೇಲೆ ತಮ್ಮ ಇನ್ನಷ್ಟು ಸಪ್ಪೆ ಕಂಡ. ಬರೀ ಒಳ್ಳೆಯತನ ಎಂದರೆ ಉಪ್ಪಿಲ್ಲದ ಪಲ್ಯ. ಹಾಗಾಗಿ ಶಂಕರನಿಗೂ ಒಂದು ತಪ್ಪು ಕೊಟ್ಟೆ: ಅಣ್ಣ ಮಗಳಿಗೆ ವರ ನೋಡಲು ಬೇರೆ ಊರಿಗೆ ಹೋದ ದಿನ, ಅಣ್ಣನ ಪಾಳಿಯ ನೀರನ್ನು ಶಂಕರ ಕದ್ದು ಹಾಯಿಸಿಕೊಂಡಿರುತ್ತಾನೆ, ಮತ್ತು ಅದನ್ನು ಯಾರಿಗೂ ಹೇಳಿರುವುದಿಲ್ಲ.

ಅಣ್ಣಾರಾಯ ಕೆಂಡವಾದ. "ನಾ ಕಳ್ಳತನ ಮಾಡಾಂವಲ್ರಿ!"

"ನೀವಲ್ಲ, ಶಂಕರ."

"ಮಂದಿಗಿ ಶಂಕರ ಅಂದ್ರ ನಾನ."

"ಹೌದಾ? ತಪ್ಪೇ ಮಾಡದಾಂವ ಅಳೂದು ಯಾವಾಗ ಅಣ್ಣಾರಾಯ? ಮೂರನೇ ಅಂಕದಾಗ ನಿಮಗೊಂದು ಅಳೂ ಸೀನ್ ಇಟ್ಟಿದ್ದೆ. ತಪ್ಪು ತಗದ್ರ ಅದೂ ಹೋಗ್ತೈತಿ."

ಸ್ವಲ್ಪ ಯೋಚಿಸಿ ಕೇಳಿದ: "ಅಳೂ ಸೀನು ಎಷ್ಟು ಹೊತ್ರಿ?"

ಹೀಗೆ ನಾಯಕನ ಕಳ್ಳತನ ಒಪ್ಪಿಗೆಯಾಯಿತು. ನಟರನ್ನು ಬಗ್ಗಿಸಲು ನನ್ನ ಹತ್ತಿರ ಆಗಲೇ ವಿದ್ಯೆಯಿತ್ತು, ಸುಳ್ಳು ಯಾಕೆ ಹೇಳಲಿ. ಗುರಪ್ಪ ಮಾಸ್ತರರ ಹ್ಹ ಹ್ಹ ಹ್ಹಾ ಮಾತ್ರ ನಾನು ತೆಗೆಯಬೇಕಾಗಿ ಬರಲಿಲ್ಲ. ಹೊಸ ಮಾತು ಕೈಗೆ ಬಂದ ಮೇಲೆ ಮಾಳಪ್ಪನಿಗೆ ನಗಲು ಜಾಗವೇ ಸಿಗಲಿಲ್ಲ.

ಭೋಗಿಯ ಮಧ್ಯಾಹ್ನ ಸಜ್ಜೆ ರೊಟ್ಟಿ, ಭೋಗಿ ಪಲ್ಯ ಉಂಡು ಊರೆಲ್ಲ ಊರಬಾಗಿಲು ಅಗಸಿಯ ಮುಂದೆ ಸೇರಿತು. ಹೆಣ್ಣಿನ ಪಾರ್ಟಿಗೆ ಕರೆಸಿದ ಕಲಾವಿದೆ ಹಿಂದಿನ ದಿನವೇ ಬಂದಿಳಿದಿದ್ದಳು. ಮುಂದಿನ ಕುರ್ಚಿಗಳಲ್ಲಿ ದೇವಣಗಾಂವದವರು: ತಲೆಗೆ ಪಟಗ ಸುತ್ತಿದ ಅಪ್ಪ, ಪಕ್ಕದಲ್ಲಿ ರೇಣುಕಾ. ಮಾತಿಲ್ಲದೆ, ಬಟ್ಟೆಯ ಅಳತೆ ತೆಗೆಯುವವಳಂತೆ ಎಲ್ಲವನ್ನೂ ನೋಡುತ್ತಿದ್ದ ಹುಡುಗಿ. ಅವರ ಹಿಂದೆ ನೆಲದ ಮೇಲೆ ಶಾಂತವ್ವ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು. ನಾನು ಪರದೆಯ ಮರೆಯಲ್ಲಿ, ಮರೆತವರಿಗೆ ಮಾತು ಒದಗಿಸುತ್ತ. ನನ್ನ ಅಂಜಿಕೆ ನಾಟಕಕ್ಕೂ ಹೌದು, ಆ ಎರಡು ಕುರ್ಚಿಗಳಿಗೂ ಹೌದು.

ರುದ್ರಗೌಡ ಕಾಲುವೆಗೆ ಮಣ್ಣು ಎಳೆದನೋ ಇಲ್ಲವೋ, ಹೆಂಗಸರ ಕಡೆಯಿಂದ ಶುರುವಾಯಿತು. "ನಿನ್ನ ಬಾಯಾಗ ಮಣ್ಣ ಬೀಳ್ಲಿ!" "ಒಡಹುಟ್ಟಿದಾಂವ ಅಲ್ಲೇನೋ, ಹಾಟ್ಯಾ!" ಒಬ್ಬ ಮುದುಕಿ ಎದ್ದು ನಿಂತು ಚಪ್ಪಲಿ ತೋರಿಸಿದಳು. ಬರೆದವಳಿಗೆ ಇದಕ್ಕಿಂತ ದೊಡ್ಡ ಬಹುಮಾನ ಏನಿದೆ? ಆದರೆ ಪ್ರತಿ ಬೈಗುಳಕ್ಕೂ ಶಾಂತವ್ವ ಒಂದೊಂದು ಗೇಣು ಕುಗ್ಗುತ್ತಿದ್ದುದು ನನಗೆ ಪರದೆಯ ಸಂದಿಯಿಂದ ಕಾಣುತ್ತಿತ್ತು.

ಸಲಿಕೆ ಎತ್ತುವ ದೃಶ್ಯ ಬಂತು. ಆಗಲೇ ಮೈಕಿನವನು, "ನಿಲ್ಲಸ್ರಿ, ನಿಲ್ಲಸ್ರಿ" ಎಂದ. ಆಯೇರ ಬಂದಿತ್ತು. ನಮ್ಮ ಕಡೆಯ ನಾಟಕದಲ್ಲಿ ಇದೊಂದು ಪದ್ಧತಿ. ಪಾರ್ಟು ಮೆಚ್ಚಿಕೆಯಾದರೆ ನೆಂಟರು, ಹಿರಿಯರು ನಟ್ಟ ನಡುವೆಯೇ ಸ್ಟೇಜು ಹತ್ತಿ ಬಟ್ಟೆ ಹೊದಿಸಿ ಬರುತ್ತಾರೆ, ಅಲ್ಲಿಯ ತನಕ ಕಥೆ ನಿಂತಲ್ಲೇ ನಿಲ್ಲಬೇಕು. ಮೈಕಿನವನು ಕೂಗಿದ: "ದೇವಣಗಾಂವದಿಂದ ಬಂದಂಥ ಹಿರಿಯರು ನಮ್ಮ ನಾಯಕ ನಟ ಅಣ್ಣಾರಾಯ ಇವರಿಗೆ ಆಯೇರ ಮಾಡಾಕ ಬರಾಕತ್ತಾರ!"

ರೇಣುಕಾಳ ಅಪ್ಪ ಸ್ಟೇಜು ಹತ್ತಿ, ಅಣ್ಣಾರಾಯನಿಗೆ ಹೊಸ ಟವೆಲ್ಲು ಹೊದಿಸಿ, ಬೆನ್ನು ತಟ್ಟಿದ. ಎರಡು ಮೊಳ ದೂರದಲ್ಲಿದ್ದ ಮಾಳಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಮಾಳಪ್ಪ ಎತ್ತಿದ ಸಲಿಕೆ ಮೆಲ್ಲಗೆ ಇಳಿಸಿ, ತೋಳಿನಿಂದ ಬೆವರು ಒರೆಸಿಕೊಂಡು, ಹಿರಿಯರು ಇಳಿದು ಹೋಗಲು ದಾರಿ ಬಿಟ್ಟು ನಿಂತ.

ಆಟ ಮತ್ತೆ ಶುರು. ಶಂಕರ ಚೀರಾಡಿ ಮುಗಿಸಿದ. ರುದ್ರಗೌಡ ಒಮ್ಮೆ ಉಸಿರೆಳೆದು, ಕೂಗದೆ ಹೇಳಿದ: "ತಮ್ಮಾ, ನಿನ್ನ ಜ್ವಾಳ ಒಣಗಿದ್ರ ಮುಂದಿನ ವರ್ಷ ಮತ್ತ ಬಿತ್ತತಿ. ನನ್ನ ಗಿಡದಾಗ ನನ್ನ ಹರೇ ಐತಿ. ಹರೇ ಮತ್ತ ಬಿತ್ತಾಕ ಬರ್ತೈತೇನು? ನನ್ನ ಗಿಡದ ಸಲುವಾಗಿ ನಾ ಊರಿಗೆಲ್ಲ ಕೆಟ್ಟಾಂವ ಆಗಾಕ ತಯಾರದೇನಿ. ಬೈರಿ ಬೇಕಾದ್ರ!"

ಕಡೆಯ ಮಾತನ್ನು ಅವನು ಮಂದಿಯ ಕಡೆಗೆ ತಿರುಗಿ ಹೇಳಿದ. ಒಬ್ಬರೂ ಬೈಯಲಿಲ್ಲ. ಚಪ್ಪಲಿ ತೋರಿಸಿದ್ದ ಮುದುಕಿ ಮೆಲ್ಲಗೆ ಕೂತಳು. ಶಾಂತವ್ವನ ಮುಖದ ಮೇಲಿನ ಸೆರಗು ಜಾರಿತ್ತು. ತನ್ನದೇ ಮಾತು ಮಗನ ಬಾಯಲ್ಲಿ ಬಂದದ್ದನ್ನು ಕೇಳಿ ಅವಳು ಬಾಯಿ ತೆರೆದುಕೊಂಡೇ ಕೂತುಬಿಟ್ಟಿದ್ದಳು. ಆ ನಿಶ್ಶಬ್ದದಲ್ಲಿ ನಾನು ಲೇಖಕಿಯಾದೆ. ಇದನ್ನು ನಾನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ.

ಮರುದಿನ ಸಂಕ್ರಾಂತಿ. ಬೆಳಿಗ್ಗೆ ಎಳ್ಳು ಅರಿಶಿನ ಹಚ್ಚಿ ಸ್ನಾನ ಮುಗಿಸಿದ್ದೆನಷ್ಟೇ, ಶಾಂತವ್ವ ಬಾಗಿಲಿಗೆ ಬಂದಳು. "ಬೆಂಕಿ ಹಚ್ಚಿದಾಕಿ ನೀವು, ಆರಸಾಕ ಬರ್ರಿ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು. ಅವಳ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ರೇಣುಕಾ ಮತ್ತು ಅವಳ ಅಪ್ಪ. ಮುಂದೆ ಕುಸುರೆಳ್ಳಿನ ತಟ್ಟೆ, ಮುಟ್ಟದೆ ಆರಿದ ಚಹಾ. ಕಂಬದ ಹತ್ತಿರ ಮಾಳಪ್ಪ. ಕಿವಿಯ ಹಿಂದೆ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

ಹಿರಿಯರು ನೇರವಾಗಿ ಹೇಳಿದರು: "ನೋಡ್ರಿ ಅಕ್ಕೋರ, ಪಾರ್ಟ ಪಾರ್ಟು ಅಂತ ಎಲ್ಲಾರೂ ಹೇಳಾಕತ್ತಾರ. ಒಳಗ ಇಲ್ಲದ್ದು ಹೊರಗ ಹೆಂಗ ಬರ್ತೈತಿ? ಸಲಿಕಿ ಎತ್ತಿದಾಗ ನನ್ನ ಎದಿ ಝಲ್ ಅಂತು. ಇಂಥಾ ಕೈಯಾಗ ಮಗಳನ್ನ ಹೆಂಗ ಕೊಡ್ಲಿ?"

ನಾನು ಶುರುಮಾಡಿದೆ. ಅಭಿನಯ ಎಂದರೇನು, ಪಾತ್ರ ಬೇರೆ ಮನುಷ್ಯ ಬೇರೆ, ಒಳ್ಳೆಯವನೇ ಕೆಟ್ಟವನನ್ನು ಚೆನ್ನಾಗಿ ಮಾಡಬಲ್ಲ, ಎಂದೆಲ್ಲ. ಶಾಲೆಯಲ್ಲಿ ಮಕ್ಕಳು ಬಾಯಿ ಬಿಟ್ಟು ಕೇಳುವಂಥ ಪಾಠ. ಹಿರಿಯರು ನಯವಾಗಿ ತಲೆ ಆಡಿಸುತ್ತ ಎಲ್ಲವನ್ನೂ ಕೇಳಿ, "ಅದೆಲ್ಲ ಖರೇ ಐತ್ರಿ. ಆದ್ರ ಮನಸ್ಸು ಒಪ್ಪವಲ್ದು" ಎಂದು ಪಟಗ ಸರಿಮಾಡಿಕೊಂಡು ಏಳಲು ನೋಡಿದರು. ನೀರಲ್ಲಿ ಹೋಮ ಮಾಡಿದಂತಾಯಿತು. ಶಾಂತವ್ವ ನನ್ನನ್ನು ಬೈಯಲೂ ಇಲ್ಲ, ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

"ಅಪ್ಪಾ, ಕುಂದ್ರು" ಎಂದಳು ರೇಣುಕಾ.

ಅವಳ ದನಿ ನಾನು ಕೇಳಿದ್ದು ಅದೇ ಮೊದಲು. "ನಿನ್ನೆ ಹೀರೋಗ ಟವೆಲ್ ಹೊದಿಸಿ ಬಂದಿ. ಆ ಹೀರೋ ಏನ ಮಾಡಾಕತ್ತಿದ್ರು ನೋಡಿದೇನು? ತಮ್ಮ ಮಾತು ಮುಗೀತಂದ್ರ ಮಂದಿ ಕಡೆ ಮಾರಿ ಮಾಡಿ ಮೀಸಿ ತಿದ್ದಕೋತ ನಿಂದರತಿದ್ರು. ಹೇಣ್ತಿ ಪಾರ್ಟಿನಾಕಿ ಕಾಲಾಗ ಕುಂತು ಅಳಾಕತ್ತಾಗ ಸೈತ ಆಕಿ ಕಡೆ ನೋಡಲಿಲ್ಲ. ತಮ್ಮ ಪಾಳಿ ಯಾವಾಗ ಬರ್ತೈತಿ ಅಂತ ಕಾಯ್ತಿದ್ರು, ಅಷ್ಟ."

ಆ ದೃಶ್ಯ ಬರೆದವಳು ನಾನು, ಪರದೆಯ ಪಕ್ಕದಲ್ಲೇ ನಿಂತವಳು ನಾನು. ಆದರೆ ನನ್ನ ಕಣ್ಣೆಲ್ಲ ಮಾತಿನ ಮೇಲಿತ್ತು, ಮಾತಾಡದೆ ನಿಂತವರನ್ನು ನಾನು ನೋಡಿಯೇ ಇರಲಿಲ್ಲ.

"ಇವರು ಹಂಗಿದ್ದಿಲ್ಲ" ಎಂದು ಅವಳು ಕಂಬದ ಕಡೆ ಒಮ್ಮೆ ನೋಡಿದಳು. "ಊರೆಲ್ಲ ಬೈಯಾಕತ್ತಿತ್ತು. ತಮ್ಮ ಚೀರಾಡಾಕತ್ತಿದ್ದ. ಇವರು ಅವನ ಮಾರಿ ನೋಡಕೋತ ಪೂರಾ ಕೇಳಿದ್ರು. ಅಂವ ಮುಗಿಸಿದ ಮ್ಯಾಲ ಉಸಿರು ತಗೊಂಡು, ಆಮ್ಯಾಲ ಬಾಯಿ ತಗದ್ರು. ಸಲಿಕಿ ಎತ್ತೂದು ಅಕ್ಕೋರು ಬರದಿರ್ತಾರ. ಸಿಟ್ಟಿನಾಗೂ ಇನ್ನೊಬ್ಬರ ಮಾತು ಕೇಳೂದು ಯಾರ ಬರಕೊಡ್ತಾರ? ಆ ಗಂಡಸು ಕೆಟ್ಟಾಂವನ ಪಾರ್ಟ ಮಾಡ್ಲಿ, ಒಳ್ಳೇಂವನ ಪಾರ್ಟ ಮಾಡ್ಲಿ, ನನಗೇನೂ..."

"ಸಾಕ ಬಿಡಽ ನಿನ್ನ ಮಾತು" ಎಂದು ಅಪ್ಪ ನಡುವೆಯೇ ತಡೆದು, ಮಾಳಪ್ಪನ ಕಡೆ ತಿರುಗಿದ. "ಏನಪಾ, ನೀ ಏನಂತಿ? ನಿನ್ನ ಬಾಯಿಂದ ಹೇಳು."

ಶಾಂತವ್ವ ಗೋಡೆಯಿಂದ ಈಚೆ ತಿರುಗಿದಳು. ಮಾಳಪ್ಪ ಹಿರಿಯರಿಗೆ ಕೈ ಮುಗಿದ. ಆದರೆ ಅವನ ಕಣ್ಣು ರೇಣುಕಾಳ ಮುಖದ ಮೇಲಿತ್ತು.

"ತಡೀರಿ" ಎಂದ. "ಅವರ ಮಾತು ಇನ್ನಾ ಮುಗಿದಿಲ್ರಿ."